ವೇಣೂರಿನಿಂದ ಹೊಂಬುಜದವರೆಗೆ



ಹಿಂದಿನವರ ತೀರ್ಥಯಾತ್ರೆಯೆಂದರೆ ಎತ್ತಿನ ಗಾಡಿ, ಬುತ್ತಿಯ ಗಂಟು, ಊರೂರಿನಲ್ಲಿ ತಂಗುವಿಕೆ. ಈಗ ಬೆಳಿಗ್ಗೆ ವೇಣೂರಿನಲ್ಲಿ ಬಾಹುಬಲಿಯ ದರ್ಶನ ಪಡೆದ ವಾಹನ ಅದೇ ರಾತ್ರಿ ಘಟ್ಟವೇರಿ ಹೊಂಬುಜ ಸೇರಬಲ್ಲದು. ಸೌಕರ್ಯವೇನೋ ಹೌದು. ಹಾಗೆ ಹೊರಟ ನಾಲ್ಕು ಕುಟುಂಬಗಳ ಪ್ರಯಾಣದ ವಿಚಾರವನ್ನು ಈ ಸಭೆಯ ಮುಂದಿಡುವುದು ಉಚಿತವೆನಿಸುತ್ತದೆ.

ತಂಡದ ಮುಖಂಡರು ಸಮಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು. ಫಲ್ಗುಣಿ ನದಿಯ ತಡಿಯಲ್ಲಿ ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ ವೇಣೂರಿನ ಮೂರ್ತಿಗೆ ಅರ್ಧ ಗಂಟೆ. ಮೂಡುಬಿದಿರೆಗೆ ಒಂದು ಗಂಟೆ. ಅಲ್ಲಿ 1430ರ ಸಾವಿರ ಕಂಬದ ಬಸದಿ, ಅದರ ಚಂದ್ರನಾಥ ಸ್ವಾಮಿ, ಕಂಬಗಳ ಕುಸುರಿ, ಇವುಗಳಲ್ಲೇ ಆ ಗಂಟೆ ಕಳೆಯಿತು. ಸಿದ್ಧಾಂತ ಬಸದಿಯ ಮುಂದೆ ಹಾದುಹೋದರು. ಧವಳ, ಜಯಧವಳ, ಮಹಾಧವಳಗಳ ತಾಡವೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ಆ ಊರು. ಆ ಓಲೆಗಳ ಲಿಪಿ ಹಳಗನ್ನಡ, ಭಾಷೆ ಪ್ರಾಕೃತ. ಓದಬಲ್ಲವರು ವಿರಳವಾದ ಕಾಲದಲ್ಲಿಯೂ ಅವುಗಳನ್ನು ಗೆದ್ದಲಿಗೆ ಬಿಡದೆ ಕಾದವರಿದ್ದುದರಿಂದಲೇ 1939ರಿಂದ ಧವಳದ ಸಂಪುಟಗಳು ಅಚ್ಚಾಗಿ ಹೊರಬಂದವು. ಅದನ್ನು ನೆನೆಯದೆ ಕಂಬಗಳನ್ನಷ್ಟೇ ಎಣಿಸಿ ಬರುವುದು, ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ಅಸಲು ಬಿಟ್ಟು ಚಿಲ್ಲರೆ ಎಣಿಸಿದಂತೆ.

ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸನು 1432ರಲ್ಲಿ ಪ್ರತಿಷ್ಠಾಪಿಸಿದ 42 ಅಡಿಯ ಗೊಮ್ಮಟನನ್ನೂ, ಇಮ್ಮಡಿ ಭೈರವನ 1586ರ ಚತುರ್ಮುಖ ಬಸದಿಯನ್ನೂ ನೋಡುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಆಗುಂಬೆಯ ಸೂರ್ಯಾಸ್ತವನ್ನು ಮಕ್ಕಳಿಗೆ ತೋರಿಸಬೇಕೆಂಬುದು ಚೀಟಿಯಲ್ಲಿತ್ತು. ಆದುದರಿಂದ ವರಂಗದಲ್ಲಿ ಕೆರೆಯ ದಡದಿಂದಲೇ ಚಿತ್ರ ತೆಗೆದುಕೊಂಡು ಹೊರಡುವುದೆಂದು ತೀರ್ಮಾನವಾಯಿತು. ಅನೇಕರು ಮಾಡುವುದೂ ಅದನ್ನೇ.

ತಂಡದಲ್ಲಿದ್ದ ವೃದ್ಧೆಯೊಬ್ಬರು ಮಾತ್ರ ಯಾರನ್ನೂ ಕೇಳದೆ ದೋಣಿಯಲ್ಲಿ ಹೋಗಿ ಕುಳಿತುಬಿಟ್ಟರು. ಮುಖಂಡರು ಗಡಿಯಾರ ತೋರಿಸಿದರು; ಆಕೆ ಕೆರೆಯನ್ನೇ ನೋಡುತ್ತಿದ್ದರು. ಚಿಕ್ಕಂದಿನಲ್ಲಿ ತಂಗಿಯ ಕೈಹಿಡಿದು ಇದೇ ಕೆರೆ ದಾಟಿದ್ದರಂತೆ. ಆ ತಂಗಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ಹೀಗಾಗಿ ಎಲ್ಲರೂ ಸರದಿಯಂತೆ ದೋಣಿ ಏರಬೇಕಾಯಿತು. ನೀರಿನ ನಡುವೆ ನಾಲ್ಕು ದಿಕ್ಕಿಗೂ ಮುಖ ಮಾಡಿದ ಆ ಪುಟ್ಟ ಬಸದಿಯಲ್ಲಿ ಹುಟ್ಟಿನ ಸದ್ದು ನಿಂತ ಮೇಲೆ ಮಕ್ಕಳೂ ಪಿಸುಮಾತಿಗಿಳಿದರು. ಇಂದ್ರರು ಆರತಿ ಎತ್ತಿದರು. ಮರಳಿ ಬಂದು ನೇಮಿನಾಥ ಬಸದಿಯನ್ನೂ ನೋಡಿ ಹೊರಟಾಗ ಚೀಟಿ ಮುಖಂಡರ ಜೇಬು ಸೇರಿತ್ತು. ಆಗುಂಬೆಯ ತಿರುವುಗಳನ್ನು ಹತ್ತುವಾಗ ಕತ್ತಲು, ಸೂರ್ಯ ಸಿಗಲಿಲ್ಲ.

ಈ ದಾರಿಗೊಂದು ವಂಶದ ನಂಟಿದೆ. ಹೊಂಬುಜದ ಸಾಂತರರ ಕುಲವೇ ಕಳಸದ ಮೂಲಕ ಘಟ್ಟವಿಳಿದು ಕಾರ್ಕಳದ ಭೈರರಸರಾಗಿ ಬೆಳೆಯಿತು. ಜಿನದತ್ತರಾಯನನ್ನು ಅವರೂ ಮೂಲಪುರುಷನೆಂದರು. ಯಾತ್ರಿಕರು ಕೆಳಗಿನಿಂದ ಮೇಲಕ್ಕೆ, ಅಂದರೆ ಕೊಂಬೆಯಿಂದ ಬೇರಿನ ಕಡೆಗೆ ಸಾಗಿದ್ದರು.

ಮರುದಿನ ಬೆಳಿಗ್ಗೆ ಪದ್ಮಾವತಿ ಅಮ್ಮನವರ ದರ್ಶನವಾದ ಮೇಲೆ ಪಂಚಕೂಟ ಬಸದಿಗೆ ಹೋದರು. 1077ರಲ್ಲಿ ಅದನ್ನು ಕಟ್ಟಿಸಿದವಳು ಚಟ್ಟಲದೇವಿ. ತಂಗಿ ಬೀರಲದೇವಿಯ ಮಕ್ಕಳನ್ನು ತನ್ನ ಮಕ್ಕಳಂತೆ ಸಾಕಿ, ಅಗಲಿದ ತಂದೆತಾಯಿಗಳ, ತಂಗಿಯ ಸ್ಮರಣೆಗಾಗಿ ಆ ಕಾರ್ಯ ಕೈಗೊಂಡಳೆಂದು ತಿಳಿದವರೊಬ್ಬರು ವಿವರಿಸಿದರು. ವೃದ್ಧೆ ತಂಗಿಯ ಹೆಸರನ್ನು ಮತ್ತೊಮ್ಮೆ ಹೇಳಿಸಿದರು. ಬಳಿಕ ಕಲ್ಲುಹಾಸಿನ ಮೇಲೆ ಕುಳಿತರು. ಹೊರಗೆ ಚಾಲಕ ಎರಡು ಬಾರಿ ಹಾರನ್ ಬಾರಿಸಿದ. ಮುಖಂಡರೇ ಹೋಗಿ, ಇನ್ನೂ ಸ್ವಲ್ಪ ಹೊತ್ತಾಗುತ್ತದೆಂದು ಹೇಳಿ ಬಂದರು.