ಅಪಾಯ ಯಾರ ಹೆಸರಿನಲ್ಲಿ?



ಕಾನೂನಿನವರ ವಿಚಾರ ಸಂಕಿರಣದಲ್ಲಿ ಆಶಯ ಭಾಷಣ ಮಾಡಲು ನಿವೃತ್ತ ಕಾರ್ಖಾನೆ ವೈದ್ಯನೊಬ್ಬನನ್ನು ಕರೆದಿದ್ದೀರಿ. ವಯಸ್ಸಿಗೆ ಕೊಟ್ಟ ಮರ್ಯಾದೆ ಎಂದುಕೊಂಡು ಒಪ್ಪಿದೆ. ಸೆಕ್ಷನ್‌ಗಳ ವಿಷಯದಲ್ಲಿ ಎಡವಿದರೆ ಮುಂದಿನ ಸಾಲಿನಲ್ಲಿರುವ ಪ್ರಾಧ್ಯಾಪಕಿಯವರು ತಿದ್ದುತ್ತಾರೆ, ಅವರಿಗೆ ಅದು ಅಭ್ಯಾಸವಾಗಿದೆ. ಕೋವಿಡ್ ಕಾಲದಲ್ಲಿ ನೌಕರನ ಮನೆಯವರ ಅಪಾಯವನ್ನೂ ಮಾಲೀಕ ಲೆಕ್ಕಕ್ಕೆ ಹಿಡಿಯಬೇಕೇ ಎಂದು ಅವರಿಗೂ ನನಗೂ ಒಂದು ಹಳೆಯ ಜಗಳವಿದೆ. ಈ ಬೆಳಿಗ್ಗೆ ಅದನ್ನೇ ಮುಂದುವರಿಸುತ್ತೇನೆ.

ಕೋವಿಡ್ ಯಾರನ್ನು ಮೊದಲು ಬಲಿ ತೆಗೆದುಕೊಳ್ಳುತ್ತದೆ ಎಂಬುದು ನಮಗೆ ಮೊದಲ ದಿನಗಳಿಂದಲೇ ಗೊತ್ತಿತ್ತು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಸಾವು ಎಂದು ದಾಖಲಾದದ್ದು ಕಲಬುರಗಿಯ 76 ವರ್ಷದ ಹಿರಿಯರದು. ಆದ್ದರಿಂದ ‘ಹೆಚ್ಚು ಅಪಾಯದಲ್ಲಿರುವ ನೌಕರ’ ಎಂಬ ಪಟ್ಟಿ ಬೇಗ ತಯಾರಾಯಿತು: ವಯಸ್ಸಾದವರು, ಬಿಪಿ, ಶುಗರ್, ಹೃದಯ, ಕಿಡ್ನಿ, ಬಸುರಿಯರು. ಈ ಪಟ್ಟಿಯ ಬಗ್ಗೆ ಇಲ್ಲಿರುವ ಹಲವರು ಬರೆದಿದ್ದೀರಿ, ನಾನೂ ಓದಿದ್ದೇನೆ, ಚೆನ್ನಾಗಿದೆ. ನನ್ನ ತಕರಾರು ಪಟ್ಟಿಯ ಬುಡದಲ್ಲೇ ಇದೆ. ಅಪಾಯ ನೌಕರನ ಮೈಯೊಳಗಿದೆ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟೆವು. ಸೋಂಕು ಮಾತ್ರ ಸಂಜೆ ಅವನ ಜೊತೆ ಮನೆಗೆ ಹೋಗುತ್ತಿತ್ತು.

ಎರಡು ಆದೇಶಗಳನ್ನು ಅಕ್ಕಪಕ್ಕ ಇಟ್ಟು ಓದಿ. 2020ರ ಏಪ್ರಿಲ್ 15ರಂದು ಕೇಂದ್ರ ಗೃಹ ಇಲಾಖೆ, 65 ದಾಟಿದವರಿಗೆ, ಬೇರೆ ಕಾಯಿಲೆ ಇರುವವರಿಗೆ, ಜೊತೆಗೆ 5 ವರ್ಷದೊಳಗಿನ ಮಕ್ಕಳ ತಂದೆತಾಯಿಗೆ ಮನೆಯಿಂದಲೇ ಕೆಲಸ ಮಾಡಲು ಪ್ರೋತ್ಸಾಹ ಕೊಡಿ ಎಂದಿತು. ಮೇ 17ರ ಆದೇಶದಲ್ಲಿ ಮನೆಯಲ್ಲೇ ಇರಬೇಕಾದವರ ಪಟ್ಟಿಯಲ್ಲಿ ಬಸುರಿಯರೂ 10 ವರ್ಷದೊಳಗಿನ ಮಕ್ಕಳೂ ಇದ್ದರು, ತಂದೆತಾಯಿ ಇರಲಿಲ್ಲ. ಮಗು ಮನೆಯಲ್ಲಿರಬೇಕು, ಸರಿ. ಮಗುವಿನ ಜೊತೆ ಯಾರಿರಬೇಕು? ಅಂದರೆ ಏಪ್ರಿಲ್‌ನಲ್ಲಿ ಕೆಲವು ದಿನಗಳ ಮಟ್ಟಿಗೆ ಸರ್ಕಾರದ ಕಣ್ಣಿಗೆ ನೌಕರನ ಹಿಂದಿನ ಮನೆ ಕಾಣಿಸಿತ್ತು. ಆಮೇಲೆ ಬಾಗಿಲು ಮುಚ್ಚಿಕೊಂಡಿತು. ಇದನ್ನು ಯಾರೂ ಗಮನಿಸಲಿಲ್ಲ ಎಂಬುದು ನನಗೆ ಇವತ್ತಿಗೂ ಸೋಜಿಗ.

ಎರಡು ದಿನ ಬಿಟ್ಟು, ಮೇ 19ರಂದು, ಸಿಬ್ಬಂದಿ ಮತ್ತು ತರಬೇತಿ ಇಲಾಖೆ ಕೇಂದ್ರ ನೌಕರರಿಗೆ ಇನ್ನೊಂದು ಸೂಚನೆ ಕೊಟ್ಟಿತು. ಲಾಕ್‌ಡೌನ್‌ಗಿಂತ ಮೊದಲೇ ಚಿಕಿತ್ಸೆ ಪಡೆಯುತ್ತಿದ್ದವರು ವೈದ್ಯರ ಚೀಟಿ ತೋರಿಸಿದರೆ, ಸಾಧ್ಯವಾದಷ್ಟೂ ಹಾಜರಾತಿಯಿಂದ ವಿನಾಯಿತಿ. ಉದಾರ ಸೂಚನೆಯೇ. ಆದರೆ ತನಗೆ ಶುಗರ್ ಇದೆ ಎಂದು ಏಪ್ರಿಲ್‌ನಲ್ಲಿ ಗೊತ್ತಾದವನು ಯಾವ ಹಳೆಯ ಚೀಟಿ ತರಬೇಕು?

ಕಾಯಿದೆಗಳದ್ದೂ ಇದೇ ಕಥೆ, ಬೇಗ ಮುಗಿಸುತ್ತೇನೆ. 2017ರ ತಿದ್ದುಪಡಿಯ ನಂತರ ಹೆರಿಗೆ ಸೌಲಭ್ಯ ಕಾಯಿದೆ ಮನೆಯಿಂದ ಕೆಲಸದ ಮಾತೆತ್ತುತ್ತಿತ್ತು. ರಜೆ ಮುಗಿದ ಮೇಲೆ, ಕೆಲಸದ ಸ್ವರೂಪ ಅವಕಾಶ ಕೊಟ್ಟರೆ, ಮಾಲೀಕರೂ ಒಪ್ಪಿದರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸಮಂಜಸ ಹೊಂದಾಣಿಕೆ ಮಾಡಿಕೊಡಿ ಎನ್ನುತ್ತದೆ, ಅದರ 21 ವೈಕಲ್ಯಗಳಲ್ಲಿ ಶುಗರ್ ಇಲ್ಲ, ಕಿಡ್ನಿಯೂ ಇಲ್ಲ. ಇಎಸ್‌ಐ ವರ್ಷಕ್ಕೆ 91 ದಿನ, ಕೂಲಿಯ ಶೇ. 70ರಷ್ಟು ಕೊಡುತ್ತದೆ. ಕಾಯಿಲೆ ಬಿದ್ದವರಿಗೆ. ಬೀಳದಂತೆ ದೂರ ಉಳಿದವರಿಗೆ ಏನೂ ಇಲ್ಲ.

2020ರ ಜೂನ್‌ನಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದ ಹುಡುಗನೊಬ್ಬ ನನ್ನ ಹತ್ತಿರ ಬಂದ. ಮೂವತ್ತರ ಆಸುಪಾಸು, ಕಲ್ಲಿನಂಥ ಆರೋಗ್ಯ. ಮನೆಯಲ್ಲಿ ತಾಯಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಕೂತವನು ತಲೆ ಎತ್ತದೆ, “ಡಾಕ್ಟ್ರೇ, ನನ್ಗೂ ಏನಾದ್ರೂ ಒಂದು ಕಾಯಿಲೆ ಬರ್ಕೊಡಿ” ಅಂದ. ಇಲ್ಲದ ಕಾಯಿಲೆ ಬರೆಯುವಂತಿಲ್ಲವಲ್ಲ, ಇದ್ದ ಸಂಗತಿಯನ್ನೇ ಪತ್ರ ಮಾಡಿ ಕಳಿಸಿದೆ. ಎಚ್‌ಆರ್‌ನಿಂದ ಒಂದೇ ಸಾಲಿನ ಉತ್ತರ ಬಂತು: ನೌಕರ ಕೆಲಸಕ್ಕೆ ಫಿಟ್ ಇದ್ದಾನೋ ಇಲ್ಲವೋ ತಿಳಿಸಿ. ಫಿಟ್ ಇದ್ದ. ಅವನ ಲೆಡ್ಜರ್ ಕೆಲಸವೆಲ್ಲ ಲ್ಯಾಪ್‌ಟಾಪ್‌ನಲ್ಲೇ ಇತ್ತು ಎಂಬುದನ್ನು ಅವರು ಕೇಳಲಿಲ್ಲ.



ಪ್ರಾಧ್ಯಾಪಕಿಯವರ ಆಕ್ಷೇಪ ಗಟ್ಟಿಯಾದದ್ದು, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಉದ್ಯೋಗದ ಒಪ್ಪಂದ ಒಬ್ಬನ ಜೊತೆ. ಅವನ ಅಜ್ಜಿಯ ಆಸ್ತಮಾವನ್ನೂ ಮಾಲೀಕ ಹೊರಬೇಕೆಂದರೆ, ನಮ್ಮ ದೇಶದಲ್ಲಿ ಅಜ್ಜಿ ಇಲ್ಲದ ಮನೆ ಯಾವುದು? ಕೊನೆಗೆ ಕಚೇರಿಗೆ ಬರುವವರು ಅನಾಥರು ಮಾತ್ರ ಎಂದು ಅವರು ಒಮ್ಮೆ ಸಭೆಯಲ್ಲೇ ಹೇಳಿ ನಗಿಸಿದ್ದರು. ನಾನೂ ನಕ್ಕೆ. ಆದರೂ ಒಂದು ಮಾತು ಕೇಳುತ್ತೇನೆ ಮೇಡಂ: ಮಾಲೀಕನ ಕಟ್ಟಡದಲ್ಲಿ ಹತ್ತಿದ ಸೋಂಕು ಅಜ್ಜಿಯನ್ನು ತಲುಪಿದರೆ, ಅದು ಬರೀ ಅಜ್ಜಿಯ ಹಣೆಬರಹವೇ?

ಪೀಣ್ಯದ ಗಾರ್ಮೆಂಟ್ಸ್ ಹೆಂಗಸರಿಗೆ ಮನೆಯಿಂದ ಕೆಲಸದ ಈ ಚರ್ಚೆಯೇ ತಲುಪಲಿಲ್ಲ. ಹೊಲಿಗೆ ಲೈನನ್ನು ಯಾರೂ ಮನೆಗೆ ಒಯ್ಯಲಾರರು. ಅವರಿಗೆ ಬೇಕಾಗಿದ್ದದ್ದು ಬೇರೆ: ಕಿಟಕಿ ಪಕ್ಕದ ಮಿಷನ್, ನೂಕುನುಗ್ಗಲಿಲ್ಲದ ಶಿಫ್ಟ್, ಸಂಬಳ ಕಡಿತವಿಲ್ಲದ ರಜೆ. ಲ್ಯಾಪ್‌ಟಾಪ್ ಇರುವವರ ಪರಿಹಾರವನ್ನೇ ಇಡೀ ಪ್ರಶ್ನೆ ಎಂದುಕೊಂಡದ್ದು ನಮ್ಮ ಕ್ಷೇತ್ರದ ಇನ್ನೊಂದು ಕುರುಡು. ಅದಕ್ಕೆ ನಾಳೆ ಬೆಳಿಗ್ಗೆ ಪೂರ್ತಿ ಗೋಷ್ಠಿ ಇದೆ, ತಪ್ಪಿಸಬೇಡಿ.

ನನಗೆ ಬಗೆಹರಿಯದೆ ಉಳಿದಿರುವುದು ಇದು. ಆರೋಗ್ಯ ಘೋಷಣೆಯ ನಮೂನೆಗೆ ‘ಜೊತೆಯಲ್ಲಿ ವಾಸಿಸುವವರು’ ಎಂಬ ಒಂದು ಕಾಲಂ ಸೇರಿಸಿ ಎಂದು ಹೋದಲ್ಲೆಲ್ಲ ಹೇಳುತ್ತಾ ಬಂದೆ. ಒಮ್ಮೆ ಯೂನಿಯನ್‌ನ ಹೆಣ್ಣುಮಗಳೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: “ಸಾರ್, ಮನೇಲಿ ಡಯಾಲಿಸಿಸ್ ಪೇಷಂಟ್ ಇದ್ದಾರೆ ಅಂತ ಬರೆದುಕೊಟ್ಟೋಳ್ನ ಮುಂದಿನ ಸಲ ಯಾರು ಕೆಲಸಕ್ಕೆ ತಗೋತಾರೆ?” ರಕ್ಷಣೆ ಬೇಕಾದರೆ ಮನೆಯ ಗುಟ್ಟನ್ನು ಮಾಲೀಕನಿಗೆ ಒಪ್ಪಿಸಬೇಕು, ಒಪ್ಪಿಸಿದರೆ ಕೆಲಸಕ್ಕೇ ಸಂಚಕಾರ. ಆ ಕಾಲಂ ಯಾರ ಕೈಯಲ್ಲಿರಬೇಕು? ಕಂಪನಿಯದೇ, ಇಎಸ್‌ಐ ವೈದ್ಯರದೇ, ಅಥವಾ ಏನನ್ನೂ ಹೇಳದೆಯೇ ರಕ್ಷಣೆ ಕೇಳುವ ಹಕ್ಕನ್ನು ಕಾಯಿದೆಯಲ್ಲೇ ಇಡಬಹುದೇ? ಮಧ್ಯಾಹ್ನದ ಗೋಷ್ಠಿಯವರು ಬೇರೆಲ್ಲ ಬಿಟ್ಟು ಇದನ್ನೇ ಹಿಡಿದು ಕೂತರೆ ನಾನು ಸಂಜೆಯವರೆಗೂ ಇರುತ್ತೇನೆ. ಸಂಘಟಕರು ಆಗಲೇ ಎರಡು ಚೀಟಿ ಕಳಿಸಿದ್ದಾರೆ.