ಪಾಠದ ನಡುವೆ ಪ್ರಯೋಗ



ಹೋದ ತಿಂಗಳು ನಮ್ಮನೆಗೆ ಊಟಕ್ಕೆ ಬಂದಿದ್ದ ಹುಡುಗಿಯೊಬ್ಬಳು ಇಲ್ಲೇ ನೈರೋಬಿಯ ಕಾಲೇಜೊಂದರಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತಾಳೆ. ಪಿಎಚ್‌ಡಿ ಮುಗಿದು ಒಂದೂವರೆ ವರ್ಷವಾಯಿತು. “ಸಂಶೋಧನೆ ಹೇಗೆ ನಡೀತಿದೆಯಮ್ಮಾ?” ಅಂದೆ. “ಎಲ್ಲಿ ಆಂಟಿ! ದಿನವೆಲ್ಲ ಕ್ಲಾಸು, ರಾತ್ರಿ ಉತ್ತರಪತ್ರಿಕೆ. ನನ್ನ ಸ್ಯಾಂಪಲ್‌ಗಳು ಇನ್ಯಾರದೋ ಫ್ರೀಜರ್‌ನಲ್ಲಿ ಮಲಗಿವೆ” ಅಂದಳು. ಅವಳೇನೋ ನಗುತ್ತಲೇ ಹೇಳಿದಳು. ಸಾರು ಬಡಿಸುತ್ತಿದ್ದ ನನಗೆ ನಗು ಬರಲಿಲ್ಲ.

ಸಂಶೋಧನೆ ಅಂದಕೂಡಲೇ ನಮ್ಮ ಕಣ್ಮುಂದೆ ಬರುವುದು ದೊಡ್ಡ ಸಂಸ್ಥೆಗಳು. ಇಲ್ಲಿ ಕೆಮ್ರಿ, ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಆದರೆ ಪದವಿ ತರಗತಿಗಳಲ್ಲಿ ನಿಮಗೆ ಜೀವವಿಜ್ಞಾನ ಕಲಿಸುವವರು ಹೆಚ್ಚಾಗಿ ಈ ಹುಡುಗಿಯಂಥವರೇ. ಅವಳ ಕೆಲಸ ನಿಂತರೆ, ಪ್ರಯೋಗ ಅಂದರೇನು ಅಂತ ಹತ್ತಿರದಿಂದ ನೋಡುವ ಅವಕಾಶ ಅವಳ ವಿದ್ಯಾರ್ಥಿಗಳಿಗೂ ತಪ್ಪುತ್ತದೆ. ಅಮೆರಿಕದವರು ಇದನ್ನು ಬೇಗ ಕಂಡುಕೊಂಡರು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1985ರಿಂದಲೇ ಇಂಥ ಕಾಲೇಜುಗಳಿಗೆಂದು ಬೇರೆಯಾಗಿ ಅನುದಾನ ಇಟ್ಟಿದೆ. ವಿದ್ಯಾರ್ಥಿಗಳನ್ನೂ ಸಂಶೋಧನೆಗೆ ಸೇರಿಸಿಕೊಳ್ಳುವುದು ಅದರ ಮುಖ್ಯ ಉದ್ದೇಶಗಳಲ್ಲೊಂದು.

ಅಷ್ಟು ದೂರ ಯಾಕೆ, ನಮ್ಮ ನೈರೋಬಿಯಲ್ಲೇ ‘ಕಾರ್ಟಾ’ ಇದೆ. 2008ರಲ್ಲಿ ಶುರುವಾದದ್ದು. ಇಲ್ಲಿನ ಎಪಿಎಚ್‌ಆರ್‌ಸಿ ಮತ್ತು ದಕ್ಷಿಣ ಆಫ್ರಿಕಾದ ವಿಟ್ಸ್ ವಿಶ್ವವಿದ್ಯಾಲಯ ಅದನ್ನು ಮುನ್ನಡೆಸುತ್ತವೆ. ನೈರೋಬಿ, ಮೋಯಿ ಸೇರಿ ಆಫ್ರಿಕಾದ ಎಂಟು ವಿಶ್ವವಿದ್ಯಾಲಯಗಳು ಅದರಲ್ಲಿವೆ. ಸಾರ್ವಜನಿಕ ಆರೋಗ್ಯದ ಕಡೆಗೆ ಅದರ ಒಲವು. ಈಗಾಗಲೇ ಪಾಠ ಮಾಡುತ್ತಿರುವವರನ್ನೇ ಆರಿಸಿ ಪಿಎಚ್‌ಡಿ ಮಾಡಿಸುತ್ತಾರೆ. ಒಂದೇ ತಂಡವನ್ನು ನಾಲ್ಕು ಸಲ, ಪ್ರತಿ ಸಲವೂ ವಾರಗಟ್ಟಲೆ, ಒಟ್ಟಿಗೆ ಕೂರಿಸಿ ಕಲಿಸುತ್ತಾರೆ. ನನಗೆ ಬಹಳ ಹಿಡಿಸಿದ್ದು ಅದರ ನಂತರದ್ದು: ಪದವಿ ಪಡೆದು ಕಾಲೇಜಿಗೆ ಮರಳಿದವರಿಗೆ ‘ಮರುಪ್ರವೇಶ’ದ ಅನುದಾನ. ಜನ ಜಾರುವುದು ಆ ಮೆಟ್ಟಿಲಲ್ಲೇ ಅಂತ ಅವರಿಗೆ ಗೊತ್ತಿದೆ.

ಹಣದಷ್ಟೇ ಮುಖ್ಯ ಪಕ್ಕದಲ್ಲಿ ಕೂರುವವರು. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಅಂತ ಹೆಸರಾದವರು, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಅರ್ಜಿ ಹಾಕಿದರು. ಹೆಣ್ಣು ಅನ್ನುವ ಕಾರಣಕ್ಕೆ ಸಿ.ವಿ. ರಾಮನ್ ಬೇಡ ಅಂದರು. ಹಠ ಹಿಡಿದ ಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ನೊಬೆಲ್ ಬಂದವರಾದರೇನು, ಇದು ಅವರ ತಪ್ಪೇ. ಆ ವರ್ಷ ಹುಡುಗಿಯನ್ನು ತಿದ್ದಿದವರು ಎಂ. ಶ್ರೀನಿವಾಸಯ್ಯ. ಮಹಾ ಕಟ್ಟುನಿಟ್ಟಿನ ಮೇಷ್ಟ್ರು. ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿಸಿದರು, ಹೊರದೇಶದ ವಿಜ್ಞಾನಿಗಳಿಗೆ ಕಾಗದ ಬರೆಯಲು ಹಚ್ಚಿದರು. 1939ರಲ್ಲಿ ಕಮಲಾ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಪಡೆದರು. ಮರಳಿ ಬಂದು ಪಾಠಕ್ಕೂ ನಿಂತರು, ಮುಂಬಯಿಯಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನೀರಾದ ಪೋಷಕಾಂಶಗಳನ್ನು ಪರೀಕ್ಷಿಸಿದರು. ರಾಮನ್ ಹೆಸರು ನಿಮಗೆಲ್ಲ ಗೊತ್ತು. ಶ್ರೀನಿವಾಸಯ್ಯನವರ ಹೆಸರು ಎಷ್ಟು ಜನ ಕೇಳಿದ್ದೀರಿ?

ಇನ್ನು ನಮ್ಮ ಮನೆಯ ಮಾತು. ಕನ್ನಡದವರೆಲ್ಲ ಸೇರಿ ವರ್ಷವರ್ಷ ಮಕ್ಕಳ ಓದಿಗೆ ಹಣ ಎತ್ತುತ್ತೇವಲ್ಲ, ಅಂಕಪಟ್ಟಿ ನೋಡಿ ಶಾಲು ಹೊದಿಸಿ ಕೊಡುತ್ತೇವಲ್ಲ, ಅದರಲ್ಲೊಂದು ಪಾಲನ್ನು ಓದು ಮುಗಿಸಿ ಪಾಠಕ್ಕೆ ನಿಂತವರ ಪ್ರಯೋಗಕ್ಕೆ ಇಡೋಣ ಅಂತ ಕಳೆದ ಸಭೆಯಲ್ಲಿ ಹೇಳಿದೆ. “ಸಂಬಳ ಬರುವವರಿಗೆ ಯಾಕೆ ತಾಯಿ?” ಅಂದರು ಹಿರಿಯರೊಬ್ಬರು. ಪ್ರಶ್ನೆ ಸರಿಯೇ. ಸಂಬಳ ಪಾಠಕ್ಕೆ ಬರುತ್ತದೆ. ರಾಸಾಯನಿಕಗಳಿಗೆ, ಪರೀಕ್ಷೆಯ ಶುಲ್ಕಕ್ಕೆ ಬರುವುದಿಲ್ಲ ಅಂತ ಉತ್ತರಿಸಿದೆ. ತೀರ್ಮಾನ ಮುಂದಿನ ಸಭೆಗೆ ಹೋಯಿತು. ಅಷ್ಟರಲ್ಲಿ ನಮ್ಮ ನಡುವಿನ ನಿವೃತ್ತ ಪ್ರೊಫೆಸರ್ ಒಬ್ಬರು ಅವಳ ಅರ್ಜಿಯ ಕರಡನ್ನು ಗುರುವಾರ ಸಂಜೆ ಕೂತು ಓದುತ್ತಿದ್ದಾರೆ. ಕೆಂಪು ಶಾಯಿ ಧಾರಾಳವಾಗಿ ಬಿದ್ದಿದೆಯಂತೆ!

ಮುಂದಿನ ಸಭೆಗೆ ನೀವೂ ಬನ್ನಿ. ಪ್ರತಿಸಲ ನಮ್ಮ ವಯಸ್ಸಿನವರೇ ಕೂತು ನಿಮ್ಮ ಓದಿನ ಬಗ್ಗೆ ತೀರ್ಮಾನ ಮಾಡುತ್ತೇವೆ.