ಪಹಣಿಯ ಆಚೆಗಿನ ನೆಲ: ಕರಾವಳಿಯ ಶಕ್ತಿಯೋಜನೆಗಳು ಮತ್ತು ಸ್ಥಳೀಯ ಪ್ರತಿರೋಧ

ಮೂಲನಿವಾಸಿ ಸಮುದಾಯಗಳು ತಮ್ಮ ನೆಲದ ಮೇಲೆ ಬಂದ ಗಣಿ, ಅಣೆಕಟ್ಟು, ಕೊಳವೆಮಾರ್ಗ ಮತ್ತು ವಿದ್ಯುತ್ ಸ್ಥಾವರಗಳನ್ನು ಎದುರಿಸಿದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಒಡಿಶಾದ ನಿಯಮಗಿರಿಯನ್ನೋ ಅಮೆರಿಕದ ಸ್ಟ್ಯಾಂಡಿಂಗ್ ರಾಕ್ ಪ್ರದೇಶವನ್ನೋ ಉದಾಹರಿಸುತ್ತಾರೆ. ಉಡುಪಿ ಜಿಲ್ಲೆಯ ಈ ಹಿರಿಯಡ್ಕದಿಂದ ಒಂದು ತಾಸಿನ ದಾರಿಯೊಳಗೇ ಇರುವ ನಂದಿಕೂರು, ಎಲ್ಲೂರು, ಪಾದೂರು ಮತ್ತು ಇನ್ನಾ ಗ್ರಾಮಗಳು ಆ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಇಲ್ಲಿನ ಹೋರಾಟಗಾರರಲ್ಲಿ ಬಹುಪಾಲು ಜನರು ಪಟ್ಟೆಯುಳ್ಳ ಕೃಷಿಕರಾಗಿದ್ದು ಬುಡಕಟ್ಟುಗಳ ಪಟ್ಟಿಯಲ್ಲಿ ಇಲ್ಲದಿರುವುದು ಅದಕ್ಕೆ ಒಂದು ಕಾರಣವಾದರೆ, ಪಟ್ಟಿಯಲ್ಲಿರುವ ಕೊರಗರು ಈ ಹೋರಾಟಗಳ ಮುಂಚೂಣಿಯಲ್ಲಿ ಕಾಣದೇ ಹೋದದ್ದು ಇನ್ನೊಂದು ಕಾರಣ. ಈ ಉಪನ್ಯಾಸದ ಮುಖ್ಯ ವಿಚಾರವು ಎರಡನೆಯ ಕಾರಣಕ್ಕೆ ಸಂಬಂಧಿಸಿದ್ದಾದರೂ, ಅಲ್ಲಿಗೆ ತಲುಪಬೇಕಾದರೆ ಮೊದಲು ನಂದಿಕೂರಿನ ಕಥೆಯನ್ನು ತುಸು ವಿವರವಾಗಿಯೇ ನೋಡಬೇಕಾಗುತ್ತದೆ.

1990ರ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರವು ವಿದ್ಯುತ್ ಉತ್ಪಾದನೆಯನ್ನು ಖಾಸಗಿಯವರಿಗೆ ತೆರೆದು, ಕೆಲವು ಯೋಜನೆಗಳಿಗೆ ತ್ವರಿತ ಮಂಜೂರಾತಿಯ ಸವಲತ್ತನ್ನು ನೀಡಿದಾಗ, ಅಮೆರಿಕದ ಕೋಜೆಂಟ್ರಿಕ್ಸ್ ಕಂಪೆನಿಯು ನಂದಿಕೂರಿನಲ್ಲಿ ಸುಮಾರು 1000 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರವನ್ನು ಕಟ್ಟಲು ಮುಂದೆ ಬಂತು. ಆಗ ಉಡುಪಿಯು ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. 1997ರ ಆಗಸ್ಟ್‌ನಲ್ಲಿ ಜಿಲ್ಲೆ ರೂಪುಗೊಳ್ಳುವ ಹೊತ್ತಿಗೆ ಈ ಯೋಜನೆಯ ವಿರೋಧವು ಹಳ್ಳಿಗಳಿಂದ ಹೊರಟು ನ್ಯಾಯಾಲಯದವರೆಗೂ ಹೋಗಿತ್ತು. 1999ರ ಡಿಸೆಂಬರ್‌ನಲ್ಲಿ ಕಂಪೆನಿಯು ಯೋಜನೆಯಿಂದ ಹಿಂದೆ ಸರಿಯಿತು. ಇದನ್ನು ಜನರ ಗೆಲುವೆಂದು ಕರೆಯುವವರೂ, ಹಣಕಾಸಿನ ಖಾತರಿ ಮತ್ತು ವ್ಯಾಜ್ಯಗಳ ವಿಳಂಬದಿಂದ ಬೇಸತ್ತ ಕಂಪೆನಿಯ ವ್ಯಾಪಾರದ ಲೆಕ್ಕಾಚಾರವೆಂದು ಕರೆಯುವವರೂ ಇದ್ದಾರೆ. ವಿಳಂಬವನ್ನು ಉಂಟುಮಾಡಿದ್ದರಲ್ಲಿ ಜನರ ಪಾಲೂ ಇದ್ದುದರಿಂದ ಈ ಎರಡು ವಿವರಣೆಗಳು ಪರಸ್ಪರ ವಿರುದ್ಧವಾದವೇನಲ್ಲ.

ಆದರೆ ಸ್ಥಾವರದ ಪ್ರಸ್ತಾವ ಅಲ್ಲಿಗೆ ಮುಗಿಯಲಿಲ್ಲ. ಅದೇ ಆಸುಪಾಸಿನಲ್ಲಿ ನಾಗಾರ್ಜುನ ಸಂಸ್ಥೆಯ ಹೆಸರಿನಲ್ಲಿ ಇದ್ದ ಇನ್ನೊಂದು ಯೋಜನೆ ಲ್ಯಾಂಕೋ ಸಮೂಹದ ಕೈಗೆ ಬಂದು, ಉಡುಪಿ ಪವರ್ ಕಾರ್ಪೊರೇಷನ್ ಎಂಬ ಹೆಸರಿನಿಂದ ಎಲ್ಲೂರಿನಲ್ಲಿ ತಲಾ 600 ಮೆಗಾವಾಟ್‌ನ ಎರಡು ಘಟಕಗಳಾಗಿ ಎದ್ದುನಿಂತಿತು. ಮೊದಲ ಘಟಕ 2010ರ ಕೊನೆಯಲ್ಲಿಯೂ ಎರಡನೆಯದು 2012ರಲ್ಲಿಯೂ ಉತ್ಪಾದನೆಗೆ ತೊಡಗಿದವು. 2015ರಲ್ಲಿ ಸ್ಥಾವರವನ್ನು ಅದಾನಿ ಸಮೂಹ ಕೊಂಡುಕೊಂಡಿತು. ಹೊರದೇಶದಿಂದ ನವಮಂಗಳೂರು ಬಂದರಿಗೆ ಬರುವ ಕಲ್ಲಿದ್ದಲನ್ನು ರೈಲಿನಲ್ಲಿ ತಂದು ಇಲ್ಲಿ ಉರಿಸಿ, ಉತ್ಪಾದನೆಯಾದ ವಿದ್ಯುತ್ತನ್ನು 400 ಕಿಲೋವೋಲ್ಟ್ ತಂತಿಗಳ ಮೂಲಕ ಘಟ್ಟದ ಮೇಲಿನ ಹಾಸನದ ಶಾಂತಿಗ್ರಾಮಕ್ಕೆ ಸಾಗಿಸಲಾಗುತ್ತದೆ. ಹೊಗೆ ಮತ್ತು ಬೂದಿ ಕೆಳಗೆ ಉಳಿದು ಬೆಳಕು ಮೇಲಕ್ಕೆ ಹೋಗುವ ಈ ವ್ಯವಸ್ಥೆಯ ಬಗ್ಗೆ ಎಲ್ಲೂರಿನವರು ಆಡುವ ಕಟುಮಾತುಗಳಿಗೆ ಭೂಗೋಳವೇ ಸಾಕ್ಷಿಯಾಗಿ ನಿಂತಿದೆ.

ವಿರೋಧ ಇಷ್ಟು ದೀರ್ಘವಾಗಿ ಉಳಿದದ್ದಕ್ಕೆ ಪರಿಸರಪ್ರಜ್ಞೆಯೊಂದೇ ಕಾರಣವೆಂದು ಹೇಳುವುದು ಅರ್ಧಸತ್ಯವಾಗುತ್ತದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ರಾಜ್ಯದ ಬೇರೆ ಭಾಗಗಳಿಗಿಂತ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹೆಚ್ಚು ಪರಿಣಾಮಕಾರಿಯಾಗಿ ಜಾರಿಯಾಗಿ, ಭೂನ್ಯಾಯಮಂಡಳಿಗಳ ಮುಂದೆ ಅರ್ಜಿ ಹಾಕಿದ ಸಾವಿರಾರು ಗೇಣಿ ಒಕ್ಕಲುಗಳು ತಾವು ಉತ್ತ ಗದ್ದೆಗೆ ತಾವೇ ಒಡೆಯರಾದರು. ಹಾಗೆ ಒಡೆತನ ಪಡೆದ ಮೊದಲ ತಲೆಮಾರು ಇನ್ನೂ ಬದುಕಿರುವಾಗಲೇ, ಅಂದರೆ ಇಪ್ಪತ್ತು ಮೂವತ್ತು ವರ್ಷಗಳ ಅಂತರದಲ್ಲಿ, ಕೈಗಾರಿಕೆಯ ಹೆಸರಿನಲ್ಲಿ ಸ್ವಾಧೀನದ ನೋಟೀಸುಗಳು ಬಂದವು. ಧಣಿಯ ಮನೆಯ ಅಂಗಳದಲ್ಲಿ ಗೇಣಿ ಅಳೆದು ಕೊಟ್ಟವರು ಸರ್ಕಾರದಿಂದಲೇ ಪಡೆದ ಭೂಮಿಯನ್ನು ಸರ್ಕಾರವೇ ಹಿಂದಕ್ಕೆ ಕೇಳಿದಾಗ ಹುಟ್ಟಿದ ಸಿಟ್ಟನ್ನು ಗಮನಿಸದೆ ನಂದಿಕೂರಿನ ಹೋರಾಟವನ್ನು ವಿವರಿಸಲಾಗದು.

ಈ ಹೋರಾಟದ ಭಾಷೆಯೂ ಗಮನಿಸಬೇಕಾದದ್ದು. ತುಳುನಾಡಿನಲ್ಲಿ ನೆಲವೆಂಬುದು ಸರ್ವೆ ನಂಬರುಗಳ ಜೊತೆಗೇ ಗುತ್ತು, ಬೀಡು ಎಂಬ ಹಿರಿಮನೆತನಗಳ ನೆಲೆಗಳು, ಮಾಗಣೆ ಮೊದಲಾದ ಘಟಕಗಳಾಗಿಯೂ ಹಂಚಿಹೋಗಿದೆ. ಮಾಗಣೆಯೆಂದರೆ ಹಲವು ಗ್ರಾಮಗಳನ್ನು ಒಳಗೊಂಡ ಸಾಂಪ್ರದಾಯಿಕ ಆಡಳಿತದ ಸೀಮೆ, ಮತ್ತು ಆ ಸೀಮೆಯ ಮೇಲೆ ನಿರ್ದಿಷ್ಟ ದೈವದ ಅಧಿಕಾರವಿದೆಯೆಂಬ ನಂಬಿಕೆಯಿದೆ. ನಾಗಬನವು ಕುಟುಂಬದ ಮೂಲವನ್ನು ಸೂಚಿಸುವ ಜಾಗವಾದುದರಿಂದ, ಮುಂಬಯಿಗೋ ಕೊಲ್ಲಿ ದೇಶಗಳಿಗೋ ಹೋದವರೂ ಆ ಒಂದು ಬನವನ್ನು ಹುಡುಕಿಕೊಂಡು ಬರುತ್ತಾರೆ. ಪಡುಬಿದ್ರಿಯ ಖಡ್ಗೇಶ್ವರಿ ಬ್ರಹ್ಮಸ್ಥಾನದಲ್ಲಿ ಗರ್ಭಗುಡಿಯಾಗಲಿ ಮಾಡಾಗಲಿ ಇಲ್ಲ. ಮರಗಳ ನಡುವಿನ ಮರಳೇ ಅಲ್ಲಿನ ಪೂಜಾಸ್ಥಳ, ಎರಡು ವರ್ಷಕ್ಕೊಮ್ಮೆ ನಡೆಯುವ ಢಕ್ಕೆಬಲಿಗೆ ಊರಿಗೆ ಊರೇ ಅಲ್ಲಿ ಸೇರುತ್ತದೆ. ಕಟ್ಟಡವಿಲ್ಲದ ಇಂಥ ಸ್ಥಳಗಳಿಗೆ ಪರಿಹಾರವನ್ನು ಲೆಕ್ಕ ಹಾಕುವ ವಿಧಾನ ಸ್ವಾಧೀನಾಧಿಕಾರಿಯ ಕೈಪಿಡಿಯಲ್ಲಿ ಸಿಗುವುದಿಲ್ಲ. ಉಡುಪಿಯ ಅಷ್ಟಮಠಗಳಲ್ಲಿ ಎರಡಕ್ಕೆ ಹೆಸರು ಕೊಟ್ಟ ಅದಮಾರು ಮತ್ತು ಪಲಿಮಾರು ಗ್ರಾಮಗಳು ಸ್ಥಾವರಕ್ಕೆ ಸಮೀಪದಲ್ಲಿವೆ. ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿಯವರು ನಂದಿಕೂರು ಯೋಜನೆಯ ವಿರೋಧದಲ್ಲಿಯೂ ಮಂಗಳೂರು ವಿಶೇಷ ಆರ್ಥಿಕ ವಲಯದ ವಿರೋಧದಲ್ಲಿಯೂ ಬಹಿರಂಗವಾಗಿ ನಿಂತದ್ದರಿಂದ ಹೋರಾಟಕ್ಕೆ ರಾಜಧಾನಿಯವರೆಗೂ ಕೇಳಿಸುವ ಧ್ವನಿ ಬಂತು. ಜಪಾನಿನ ಮಾನವಶಾಸ್ತ್ರಜ್ಞೆ ಮಿಹೋ ಇಶೀ ಅವರು ದೈವಾರಾಧನೆಯ ಬಗ್ಗೆ ಬರೆದ ಗ್ರಂಥದಲ್ಲಿ, ಕೈಗಾರಿಕೆಗಳು ನುಗ್ಗಿದ ಬಜಪೆ ಸುತ್ತಲಿನ ಹಳ್ಳಿಗಳಲ್ಲಿ ಮನುಷ್ಯ, ದೈವ ಮತ್ತು ಭೂಮಿಗಳ ನಡುವಿನ ಸಂಬಂಧ ಹೇಗೆ ಮುಂದುವರಿಯಿತೆಂಬುದನ್ನು ದೀರ್ಘ ಕ್ಷೇತ್ರಕಾರ್ಯದಿಂದ ಚರ್ಚಿಸಿದ್ದಾರೆ.

ನ್ಯಾಯಾಲಯಕ್ಕೆ ಹೋದ ಮೇಲೆ ಈ ಭಾಷೆ ಬದಲಾಗಲೇಬೇಕಾಯಿತು. ನಂದಿಕೂರು ಜನಜಾಗೃತಿ ಸಮಿತಿಯು ರಾಷ್ಟ್ರೀಯ ಹಸಿರು ನ್ಯಾಯಪೀಠದವರೆಗೆ ಒಯ್ದ ವಾದದಲ್ಲಿ ಅಳೆಯಲು ಬರುವ ಸಂಗತಿಗಳೇ ಮುಖ್ಯವಾದವು. ಅವುಗಳಲ್ಲಿ ಉಪ್ಪು ಬಹಳ ಸ್ವಾರಸ್ಯದ ವಿಷಯ. ಈ ಸ್ಥಾವರವು ತಂಪು ಮಾಡಲು ಸಮುದ್ರದ ನೀರನ್ನು ಬಳಸುತ್ತದೆ. ಬಿಸಿಯಾದ ನೀರನ್ನು ಶೀತಲ ಗೋಪುರದೊಳಗೆ ಮೇಲಿನಿಂದ ಸುರಿದು ಗಾಳಿಗೆ ಒಡ್ಡಿದಾಗ ಒಂದಷ್ಟು ಭಾಗ ಆವಿಯಾಗುತ್ತದೆ, ಇನ್ನೊಂದಷ್ಟು ಸಣ್ಣ ಹನಿಗಳಾಗಿ ಗಾಳಿಯೊಂದಿಗೆ ಹೊರಗೆ ಹಾರುತ್ತದೆ. ಸಿಹಿನೀರಾಗಿದ್ದರೆ ಆ ಹನಿಗಳಿಂದ ತೊಂದರೆ ಅಷ್ಟಾಗಿ ಇರುತ್ತಿರಲಿಲ್ಲ. ಸಮುದ್ರದ ನೀರಾದುದರಿಂದ ಸುತ್ತಲಿನ ಗದ್ದೆ, ತೆಂಗು ಮತ್ತು ಮಲ್ಲಿಗೆ ಗಿಡಗಳ ಮೇಲೆ ಉಪ್ಪು ಬೀಳುತ್ತದೆಯೆಂಬುದು ಕೃಷಿಕರ ದೂರು. ಶಂಕರಪುರದ ಸುತ್ತಲಿನ ನೂರಾರು ಮನೆಗಳಲ್ಲಿ ಹೆಂಗಸರು ಅಂಗಳದಲ್ಲಿಯೇ ಬೆಳೆದು, ಬೆಳಗಾಗುವ ಮೊದಲು ಮೊಗ್ಗು ಬಿಡಿಸಿ, ಕಟ್ಟಿ, ದಿನದ ದರಕ್ಕೆ ಮಾರುವ ಉಡುಪಿ ಮಲ್ಲಿಗೆಯು ಭೌಗೋಳಿಕ ಸೂಚ್ಯಂಕ ಪಡೆದ ಬೆಳೆ. ಇಳುವರಿ ಕುಸಿದರೆ ಅದರ ಪೆಟ್ಟು ಮೊದಲು ಬೀಳುವುದು ಆ ಹೆಂಗಸರ ಕೈಯ ಪುಡಿಗಾಸಿನ ಮೇಲೆ. ನ್ಯಾಯಪೀಠವು 2019ರ ಮಾರ್ಚ್‌ನಲ್ಲಿ 5 ಕೋಟಿ ರೂಪಾಯಿಗಳ ಮಧ್ಯಂತರ ಪರಿಹಾರವನ್ನೂ, 2022ರ ಮೇ ತಿಂಗಳಲ್ಲಿ ಸುಮಾರು 52 ಕೋಟಿ ರೂಪಾಯಿಗಳ ಪರಿಸರ ಪರಿಹಾರವನ್ನೂ ವಿಧಿಸಿತು. ತಲಾ 800 ಮೆಗಾವಾಟ್‌ನ ಇನ್ನೆರಡು ಘಟಕಗಳನ್ನು ಸೇರಿಸುವ ಪ್ರಸ್ತಾವವೂ ವಿವಾದಕ್ಕೆ ಸಿಲುಕಿತು. ಬೆಳೆ, ಗಾಳಿ, ನೀರು ಇವುಗಳ ಹಾನಿ ಹೀಗೆ ರೂಪಾಯಿಗಳಲ್ಲಿ ದಾಖಲಾಯಿತು. ಬನ ಮತ್ತು ಸೀಮೆಗಳ ಮಾತು ಸಭೆಗಳಲ್ಲಿಯೇ ಉಳಿಯಿತು.

ಇಲ್ಲಿ ಕಾನೂನಿನ ಒಂದು ಅಂಶವನ್ನು ಹೇಳದೆ ಮುಂದುವರಿಯುವಂತಿಲ್ಲ. ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಗೆ ಸಂಬಂಧಿಸಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ನೀಡಿದ ತೀರ್ಪಿನಂತೆ 12 ಗ್ರಾಮಸಭೆಗಳ ಅಭಿಪ್ರಾಯ ಕೇಳಲಾಯಿತು, ಹನ್ನೆರಡೂ ಸಭೆಗಳು ಗಣಿಯನ್ನು ತಿರಸ್ಕರಿಸಿದವು. ಆ ತೀರ್ಪಿನ ಹಿಂದೆ 2006ರ ಅರಣ್ಯ ಹಕ್ಕು ಕಾಯ್ದೆಯೂ ಸಂವಿಧಾನದ ಐದನೆಯ ಅನುಸೂಚಿಯೂ ಇದ್ದವು; ಬುಡಕಟ್ಟು ಜನರು ಹೆಚ್ಚಾಗಿರುವ ಕೆಲವು ಪ್ರದೇಶಗಳಿಗೆ ವಿಶೇಷ ರಕ್ಷಣೆ ನೀಡುವ ಈ ಅನುಸೂಚಿಯಡಿ ಕರ್ನಾಟಕದ ಒಂದು ಊರೂ ಘೋಷಿತವಾಗಿಲ್ಲ. ಮೂಲನಿವಾಸಿಗಳ ಹಕ್ಕುಗಳ ಕುರಿತು 2007ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಘೋಷಣೆಯ ಪರವಾಗಿ ಭಾರತ ಮತ ಹಾಕಿದರೂ, ದೇಶದ ಎಲ್ಲ ಪ್ರಜೆಗಳೂ ಮೂಲನಿವಾಸಿಗಳೇ ಎಂಬ ನಿಲುವಿಗೆ ಅಂಟಿಕೊಂಡು ಬಂದಿದೆ. ಎಲ್ಲರಿಗೂ ಸೇರಿದ ಹಕ್ಕು ಯಾರ ಕೈಗೂ ಆಯುಧವಾಗಿ ಸಿಗುವುದಿಲ್ಲ. ನಾರ್ವೆಯಲ್ಲಿ ಸ್ಥಿತಿ ಬೇರೆ. ಅಲ್ಲಿನ ಫೋಸೆನ್ ಪರ್ಯಾಯದ್ವೀಪದಲ್ಲಿ ಕಟ್ಟಿ ಮುಗಿದಿದ್ದ ಗಾಳಿ ವಿದ್ಯುತ್ ಸ್ಥಾವರಗಳು ಹಿಮಸಾರಂಗ ಸಾಕುವ ಸಾಮಿ ಜನರ ಸಾಂಸ್ಕೃತಿಕ ಹಕ್ಕಿಗೆ ಭಂಗ ತಂದಿವೆಯೆಂದು ಹೇಳಿ, ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರ್‌ನಲ್ಲಿ ಪರವಾನಗಿಗಳನ್ನೇ ಅಸಿಂಧುಗೊಳಿಸಿತು. ಸಾಮಿಗಳಿಗೆ ಆ ಭೂಮಿಯ ಖಾಸಗಿ ಒಡೆತನವಿದೆಯೇ ಎಂಬುದು ಆ ತೀರ್ಪಿನ ಆಧಾರವಾಗಿರಲಿಲ್ಲ, ಮೇಯಿಸುವ ಅವರ ಪದ್ಧತಿ ಆಧಾರವಾಗಿತ್ತು. ತೀರ್ಪಿನ ನಂತರವೂ ಗಾಳಿಯಂತ್ರಗಳು ಮಾತ್ರ ತಿರುಗುತ್ತಲೇ ಇದ್ದವೆಂಬುದನ್ನೂ ಇಲ್ಲಿ ಹೇಳಬೇಕು.

ಬಳಕೆಯ ಹಕ್ಕೆಂಬುದು ಕರಾವಳಿಗೂ ಹೊಸದಲ್ಲ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನ, ಅಂದರೆ ಪಟ್ಟೆ ಇರುವ ಕೃಷಿಭೂಮಿಯ, ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಜಾಗಕ್ಕೆ ಕುಮ್ಕಿ ಎಂದು ಹೆಸರು. ಗೊಬ್ಬರಕ್ಕೆ ಸೊಪ್ಪು ಮತ್ತು ತರಗೆಲೆ, ಒಲೆಗೆ ಕಟ್ಟಿಗೆ, ದನಗಳಿಗೆ ಮೇವು ಇವೆಲ್ಲವನ್ನೂ ಅಲ್ಲಿಂದ ತರುವ ಸೌಲಭ್ಯ ವರ್ಗದಾರರಿಗೆ ಬ್ರಿಟಿಷರ ಕಾಲದಿಂದಲೂ ಇದ್ದು, 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೆಯ ಪ್ರಕರಣವು ಅದನ್ನು ಮುಂದುವರಿಸಿದೆ. ಬೈಲು, ಮಜಲು, ಬೆಟ್ಟು ಎಂದು ನೀರಿನ ಲಭ್ಯತೆಗೆ ತಕ್ಕಂತೆ ವಿಂಗಡಿಸಿದ ಗದ್ದೆಗಳ ಫಲವತ್ತತೆ ನಿಂತದ್ದೇ ಆ ಸೊಪ್ಪಿನ ಮೇಲೆ. ಆದರೂ ಕುಮ್ಕಿ ಸರ್ಕಾರದ ಜಾಗ. ಯೋಜನೆಯ ಕಡತಗಳಲ್ಲಿ ಹಾಡಿಯೆಂಬ ಮರಗಾಡು ಮತ್ತು ಪದವೆಂಬ ಎತ್ತರದ ಬಯಲುಗಳು ಬರಡು ಭೂಮಿಯ ಲೆಕ್ಕಕ್ಕೆ ಸೇರುವುದು ಸುಲಭ. ಮುರಕಲ್ಲಿನ ಪದವಿನ ಮೇಲೆ ಬೀಳುವ ಮಳೆಯ ನೀರೇ ಇಳಿದು ಕೆಳಗಿನ ಬಾವಿಗಳಿಗೆ ಒರತೆಯಾಗುತ್ತದೆಂಬುದು ಅದನ್ನು ಬರಡೆಂದು ಬರೆದವರಿಗೆ ಗೊತ್ತಿರಲಾರದು.

ಸ್ವಾಧೀನವಿಲ್ಲದೆಯೂ ನೆಲ ಕೈಬಿಡುವ ದಾರಿಗಳಿವೆ. ಪಾದೂರಿನಲ್ಲಿ ಬಂಡೆಯೊಳಗೆ ಕೊರೆದ 25 ಲಕ್ಷ ಟನ್ ಸಾಮರ್ಥ್ಯದ ಕಚ್ಚಾ ತೈಲದ ಸಂಗ್ರಹಾಗಾರವಿದೆ, ಎರಡನೆಯ ಹಂತಕ್ಕೆ 2021ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆಯೂ ಸಿಕ್ಕಿದೆ. ತೈಲ ಸಾಗಿಸುವ ಕೊಳವೆಗಳಿಗೆ ಸಂಬಂಧಿಸಿದ 1962ರ ಕಾಯ್ದೆಯು ನೆಲದ ಬಳಕೆಯ ಹಕ್ಕನ್ನು ಮಾತ್ರ ತೆಗೆದುಕೊಳ್ಳುತ್ತದೆ: ಪಹಣಿಯಲ್ಲಿ ಹೆಸರು ಹಾಗೆಯೇ ಇದ್ದರೂ ಕೊಳವೆಯ ಮೇಲೆ ಮನೆ ಕಟ್ಟುವಂತಿಲ್ಲ, ಮರ ನೆಡುವಂತಿಲ್ಲ. ಉಡುಪಿಯಿಂದ ಕಾಸರಗೋಡಿಗೆ ಎಳೆಯಲು ಹೊರಟ 400 ಕಿಲೋವೋಲ್ಟ್ ತಂತಿಮಾರ್ಗವನ್ನು ಕಾರ್ಕಳ ತಾಲೂಕಿನ ಇನ್ನಾದಲ್ಲಿ ಕೃಷಿಕರು ತಡೆದಾಗ ಅವರ ಎದುರಿಗಿದ್ದದ್ದು ಇನ್ನೂ ಹಳೆಯದಾದ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ. 2003ರ ವಿದ್ಯುತ್ ಕಾಯ್ದೆಯು ಅದನ್ನು ತಂತಿ ಎಳೆಯುವ ಸಂಸ್ಥೆಗಳಿಗೂ ವಹಿಸಿಕೊಡಲು ಅವಕಾಶ ಮಾಡಿದೆ. ಗೋಪುರದ ಬುಡಕ್ಕೆ ಭೂಮಿಯ ಬೆಲೆಯ ಇಮ್ಮಡಿಯನ್ನೂ ತಂತಿಯ ಕೆಳಗಿನ ಪಟ್ಟಿಗೆ ಶೇ. 30ರಷ್ಟನ್ನೂ ಕೊಡಬೇಕೆಂದು ಕೇಂದ್ರದ 2024ರ ಮಾರ್ಗಸೂಚಿ ಹೇಳುತ್ತದೆ. ಕಂಗಿನ ತೋಟವಿದ್ದವನಿಗೆ ಶೇ. 30 ಎಂದರೆ ಏನೆಂಬುದನ್ನು, ತಂತಿಯ ಅಡಿಯಲ್ಲಿ ಎತ್ತರದ ಮರ ಬೆಳೆಸಲಾಗದೆಂಬ ನಿಯಮದೊಡನೆ ಓದಿಕೊಳ್ಳಬೇಕು.

ಇಷ್ಟಾಗಿಯೂ ಈ ಎಲ್ಲ ವಾಗ್ವಾದಗಳು ಪಹಣಿ ಇದ್ದವರ ನಡುವಿನವು. ಕೇಂದ್ರ ಸರ್ಕಾರವು ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ಬುಡಕಟ್ಟುಗಳಲ್ಲಿ ಕರ್ನಾಟಕದವು ಎರಡೇ, ಜೇನುಕುರುಬರು ಮತ್ತು ಕೊರಗರು. ಬಿದಿರು ಮತ್ತು ತುಳುವಿನಲ್ಲಿ ಬೂರು ಎನ್ನುವ ಕಾಡುಬಳ್ಳಿಗಳಿಂದ ಬುಟ್ಟಿ ಹೆಣೆದು ಬದುಕಿದ ಕೊರಗರಿಗೆ ಆ ಬಳ್ಳಿ ಸಿಗುತ್ತಿದ್ದದ್ದು ಇದೇ ಹಾಡಿ, ಪದವು, ಕುಮ್ಕಿಗಳಲ್ಲಿ. 1974ರ ಕಾನೂನು ಗೇಣಿದಾರರನ್ನು ಒಡೆಯರನ್ನಾಗಿಸಿತು. ಗೇಣಿಯೂ ಇಲ್ಲದ ಕೊರಗರು ಅದರ ಹೊರಗೆ ಉಳಿದರು. 1990ರ ದಶಕದಲ್ಲಿ ಮಹಮ್ಮದ್ ಪೀರ್ ವರದಿಯು ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ನೀಡಬೇಕೆಂದು ಶಿಫಾರಸು ಮಾಡಿತು, ಮತ್ತು ಕೊರಗರ ಸಂಘಟನೆಗಳು ಆಗಸ್ಟ್ 18ರಂದು ಆಚರಿಸುವ ಭೂಮಿಹಬ್ಬದಲ್ಲಿ ಆ ಬೇಡಿಕೆ ಇಂದಿಗೂ ಕೇಳಿಬರುತ್ತದೆ. ಜಿಲ್ಲೆಯಲ್ಲಿ ಕೈಗಾರಿಕೆಗೆ ಭೂಮಿ ಹುಡುಕಿದ ವರ್ಷಗಳೂ ಕೊರಗರಿಗೆ ಕೊಡಲು ಭೂಮಿಯಿಲ್ಲವೆಂದು ಉತ್ತರ ಬಂದ ವರ್ಷಗಳೂ ಬೇರೆ ಬೇರೆಯಲ್ಲ. ಸ್ಥಾವರವನ್ನು ವಿರೋಧಿಸಿದ ಸಭೆಗಳಲ್ಲಿ ಮಲ್ಲಿಗೆಯ ಮಾತು ಬಂದಷ್ಟು ಸಲೀಸಾಗಿ ಬೂರಿನ ಮಾತು ಬರಲಿಲ್ಲವೆಂಬುದು ಆ ಹೋರಾಟದ ನ್ಯಾಯವನ್ನು ಕುಂದಿಸುವುದಿಲ್ಲವಾದರೂ, ಅದು ಯಾರ ಹೋರಾಟವಾಗಿತ್ತೆಂಬುದನ್ನು ಸ್ಪಷ್ಟಪಡಿಸುತ್ತದೆ.

ಹಿರಿಯಡ್ಕದವರಿಗೆ ಈ ಮಾತು ತೀರ ಅಪರಿಚಿತವಾಗಿರಲಾರದು. ಇಲ್ಲಿನ ವೀರಭದ್ರ ದೇವಸ್ಥಾನವು ಸಿರಿಯ ಆರಾಧನೆ ನಡೆಯುವ ಆಲಡೆಗಳಲ್ಲಿ ಒಂದು. ಅಜ್ಜನ ಬೀಡಿನ ಮೇಲಿನ ಹಕ್ಕನ್ನು ಕೂಟದ ಪಕ್ಷಪಾತದಿಂದ ಕಳೆದುಕೊಂಡು ಹೊರಟುಹೋದ ಸಿರಿಯೆಂಬ ಹೆಣ್ಣಿನ ಪಾಡ್ದನವು ವರ್ಷಕ್ಕೊಮ್ಮೆ ಆವೇಶಗೊಂಡ ನೂರಾರು ಹೆಂಗಸರ ಬಾಯಲ್ಲಿ ಮರುದನಿಗೊಳ್ಳುತ್ತದೆ. ಹಕ್ಕು ಯಾರದೆಂದು ತೀರ್ಮಾನಿಸುವ ಕೂಟದಲ್ಲಿ ಕೂತವರು ಯಾರು ಎಂಬ ಪ್ರಶ್ನೆ ಈ ನೆಲಕ್ಕೆ ಹಳೆಯದು.

2013ರ ಭೂಸ್ವಾಧೀನ ಕಾಯ್ದೆಯು ಈ ಕೂಟವನ್ನು ಸ್ವಲ್ಪ ಹಿಗ್ಗಿಸಲು ಯತ್ನಿಸಿತು. ಖಾಸಗಿ ಕಂಪೆನಿಗಾಗಿ ಭೂಮಿ ತೆಗೆದುಕೊಳ್ಳುವಾಗ ಭೂಮಿ ಕಳೆದುಕೊಳ್ಳುವ ಬಾಧಿತ ಕುಟುಂಬಗಳಲ್ಲಿ ಶೇ. 80ರಷ್ಟರ ಸಮ್ಮತಿ ಬೇಕೆಂದು ಅದು ವಿಧಿಸಿತಲ್ಲದೆ, ಬಾಧಿತ ಕುಟುಂಬದ ವ್ಯಾಖ್ಯೆಯೊಳಗೆ ಭೂಮಿಯಿಲ್ಲದಿದ್ದರೂ ಸ್ವಾಧೀನಕ್ಕೆ ಹಿಂದಿನ ಮೂರು ವರ್ಷಗಳಿಂದ ಆ ಪ್ರದೇಶದ ಕಾಡುತ್ಪನ್ನ ಸಂಗ್ರಹಿಸಿ ಜೀವಿಸುವವರನ್ನೂ ಸೇರಿಸಿತು. ಕೊಳವೆ ಮತ್ತು ತಂತಿಮಾರ್ಗಗಳ ಕಾಯ್ದೆಗಳು ಅದೇ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿರುವುದರಿಂದ ಸಮ್ಮತಿಯ ನಿಯಮ ಅವುಗಳಿಗೆ ತಾಗುವುದಿಲ್ಲ. ಕಾಯ್ದೆ ತಾಗುವ ಕಡೆಯಲ್ಲಿಯೂ ಮೂರು ವರ್ಷಗಳ ಅವಲಂಬನೆಯನ್ನು ಸಾಬೀತುಪಡಿಸುವ ಹೊರೆ ಕೊರಗ ಕುಟುಂಬದ ಮೇಲೆಯೇ ಬೀಳುತ್ತದೆ. ಬೂರು ಕಡಿದದ್ದಕ್ಕೆ ರಸೀದಿಯಿಲ್ಲ, ಪಹಣಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಇದ್ದುದರಲ್ಲಿ ನಂಬತಕ್ಕ ಸಾಕ್ಷಿ ಹೇಳಬಲ್ಲವರೆಂದರೆ ಯಾರ ಕುಮ್ಕಿಯಲ್ಲಿ ಆ ಬಳ್ಳಿ ಬೆಳೆದಿತ್ತೋ ಆ ವರ್ಗದಾರರೇ.